'ಪ್ರಲಾಪಗಳು' : ದಂಡನೆಯೂ ಕರುಣೆಯೂ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸೇರಿರುವ 'ಪ್ರಲಾಪಗಳು' ಎಂಬ ಗ್ರಂಥವು ಐದು ಅಧ್ಯಾಯಗಳ ಶೋಕಕಾವ್ಯ. ಕ್ರಿ. ಪೂ. ೫೮೭ರ ಸುಮಾರಿನಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮ್ ನಗರವನ್ನೂ ಅಲ್ಲಿಯ ದೇವಾಲಯವನ್ನೂ ನಾಶಮಾಡಿದುದೇ ಇದರ ವಸ್ತು. ಪ್ರವಾದಿಯಾದ ಯೆರೆಮೀಯನು ಇದರ ಕರ್ತೃವೆಂದು ಸಂಪ್ರದಾಯವು ಹೇಳುವುದಾದರೂ ಗ್ರಂಥದೊಳಗೆ ಕವಿಯ ಹೆಸರಿಲ್ಲ. ಈ ವಿನಾಶವು ಜನರ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂಬುದು ಕವಿಯ ನಿಶ್ಚಯ. ಹಾಗಿದ್ದಲ್ಲಿ ದಂಡಿಸಿದವನಲ್ಲಿಯೇ ದಯೆಯನ್ನು ಬೇಡುವುದು ಹೇಗೆ ಸಂಗತವಾದೀತು? ಮೂರನೆಯ ಅಧ್ಯಾಯದ ಭರವಸೆಯನ್ನು ಕಡೆಯ ಅಧ್ಯಾಯದ ಶಂಕೆಯು ಅಳಿಸಿಬಿಡುವುದಿಲ್ಲವೆ? ಈ ಆಕ್ಷೇಪಕ್ಕೆ ಕಾವ್ಯದ ಬಂಧದಲ್ಲಿಯೇ ಸಮಾಧಾನವುಂಟು.

ಹೀಬ್ರೂ ವರ್ಣಮಾಲೆಯಲ್ಲಿ ೨೨ ಅಕ್ಷರಗಳು. ಮೊದಲನೆಯ, ಎರಡನೆಯ, ನಾಲ್ಕನೆಯ ಅಧ್ಯಾಯಗಳ ೨೨ ಪದ್ಯಗಳು, ಒಂದೆರಡು ಅಕ್ಷರಗಳ ಸ್ಥಾನಪಲ್ಲಟವನ್ನು ಬಿಟ್ಟರೆ, ವರ್ಣಕ್ರಮವನ್ನೇ ಅನುಸರಿಸಿ ಮೊದಲಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ ೬೬ ಪದ್ಯಗಳಿವೆ. ಐದನೆಯದರಲ್ಲಿ ೨೨ ಪದ್ಯಗಳಿದ್ದರೂ ಅಕ್ಷರನಿಯಮವಿಲ್ಲ. ಕನ್ನಡ ಭಾಷಾಂತರದಲ್ಲಿ ಈ ನಿಯಮವು ಕಾಣದಿರುವುದರಿಂದ ಓದುಗರು ಇದನ್ನು ಗಮನಿಸದೆ ಹೋಗುವುದು ಸಹಜ. ಕಂಡವರೂ ಚಿತ್ರಕಾವ್ಯದ ಚಮತ್ಕಾರವೆಂದು ಕಡೆಗಣಿಸಬಹುದು. ಆದರೆ ಗ್ರಂಥದ ಒಟ್ಟು ೧೫೪ ಪದ್ಯಗಳನ್ನು ಎಣಿಸಿದಲ್ಲಿ ೭೭ನೆಯದು ಮೂರನೆಯ ಅಧ್ಯಾಯದ ೩೩ನೆಯ ಪದ್ಯವಾಗುತ್ತದೆ. ದೇವರು ಮನುಷ್ಯರನ್ನು ಮನಃಪೂರ್ವಕವಾಗಿ ನೋಯಿಸುವವನಲ್ಲವೆಂಬುದು ಅದರ ತಾತ್ಪರ್ಯ. ಪ್ರತಿದಿನದ ಬೆಳಗಿನಲ್ಲಿ ಹೊಸದಾಗುವ ಕೃಪೆಯ ಮಾತು ಅದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ ಬಂದಿರುತ್ತದೆ. ಎಂದರೆ, ಕವಿಯು ಕರುಣೆಯನ್ನು ದಂಡನೆಯು ಮುಗಿದ ಮೇಲೆ ಬರುವ ಫಲವಾಗಿ ನಿರೂಪಿಸಿಲ್ಲ. ದಂಡನೆಯ ನಟ್ಟನಡುವೆಯೇ ಅದನ್ನು ಇರಿಸಿದ್ದಾನೆ.

ಕರುಣರಸವು ನಿರಪೇಕ್ಷವೆಂದೂ ವಿಪ್ರಲಂಭವು ಸಾಪೇಕ್ಷವೆಂದೂ ಭರತಮುನಿಯು ಭೇದವನ್ನು ಹೇಳಿರುತ್ತಾನೆ. ಮರಳಿ ಕೂಡುವ ಆಸೆ ಉಳಿದಿರುವುದೇ ಸಾಪೇಕ್ಷತೆ. ಪ್ರಲಾಪಗಳ ಸ್ಥಾಯಿಭಾವವು ಶೋಕವೇ ಆದರೂ ಆ ಶೋಕವು ನಿರಪೇಕ್ಷವಾಗಿಲ್ಲ. ಕಡೆಯ ಎರಡು ಪದ್ಯಗಳೇ ಇದಕ್ಕೆ ನಿದರ್ಶನ. ತಮ್ಮನ್ನು ತಿರುಗಿಸಿಕೊಂಡು ಪೂರ್ವಸ್ಥಿತಿಗೆ ತರಬೇಕೆಂದು ಜನರು ದೇವರನ್ನು ಪ್ರಾರ್ಥಿಸುತ್ತಾರೆ. ಒಡನೆಯೇ, ತಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟಿರುವನೋ ಎಂಬ ಭಯವು ಮೂಡುತ್ತದೆ. ಆ ಭಯದ ಮಾತಿನಿಂದ ಮುಗಿಸಬಾರದೆಂದು ಯೆಹೂದ್ಯರು ತಮ್ಮ ಸಭಾಮಂದಿರದ ಪಠಣದಲ್ಲಿ ಹಿಂದಿನ ಪ್ರಾರ್ಥನೆಯನ್ನು ಮತ್ತೊಮ್ಮೆ ಓದುವ ವಾಡಿಕೆಯುಂಟು. ಭಕ್ತರಿಗೆ ಇದು ಯುಕ್ತವೇ. ಆದರೂ ಕವಿಯ ಮುಕ್ತಾಯದಲ್ಲಿ ದೋಷವಿಲ್ಲ. ತಳ್ಳಿಬಿಟ್ಟೆಯಾ ಎಂಬ ಮಾತೂ ಆ ದೇವರನ್ನೇ ಕುರಿತದ್ದು. ಸಂಬೋಧನೆಯು ನಿಲ್ಲದಿರುವವರೆಗೆ ಸಂಬಂಧವು ಕಡಿದಿಲ್ಲ. ಅಕ್ಷರನಿಯಮವು ಕಳಚಿಬಿದ್ದ ಅಧ್ಯಾಯದಲ್ಲಿಯೂ ಪ್ರಾರ್ಥನೆಯು ಉಳಿದಿದೆ.

ಕ್ರಿ. ಪೂ. ೫೩೮ರಲ್ಲಿ ಪಾರಸಿಕರ ದೊರೆ ಕೋರೆಷನ ಅಪ್ಪಣೆಯಿಂದ ಯೆಹೂದ್ಯರು ಸ್ವದೇಶಕ್ಕೆ ಮರಳುವಂತಾಯಿತು. ೫೧೫ರಲ್ಲಿ ದೇವಾಲಯವು ಮತ್ತೆ ಎದ್ದಿತು. ಕಾವ್ಯದಲ್ಲಿ ಇದರ ಸುಳಿವಿಲ್ಲ. ಪಾಶ್ಚಾತ್ಯ ಕ್ರೈಸ್ತಸಭೆಯು ಈ ಪ್ರಲಾಪಗಳನ್ನು ಯೇಸುವಿನ ಪುನರುತ್ಥಾನದ ಹಬ್ಬಕ್ಕೆ ಮುಂಚಿನ ಪವಿತ್ರವಾರದಲ್ಲಿ ಪಠಿಸುತ್ತ ಬಂದುದರಿಂದ, ಪುನರುದ್ಧಾರವು ಅಲ್ಲಿಯೂ ಗ್ರಂಥದ ಹೊರಗೆಯೇ ನಿಲ್ಲುತ್ತದೆ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯು ದೇವರ ಶಿಕ್ಷೆಯನ್ನು ತಂದೆಯು ಮಗನಿಗೆ ಮಾಡುವ ಶಿಕ್ಷೆಗೆ ಹೋಲಿಸಿದೆ. ಈ ಉಪಮಾನವು ಉಚಿತವಾದುದಾದರೂ, ಅದನ್ನು ಅವಸರದಿಂದ ಇಲ್ಲಿಗೆ ತಂದು, ಬೀದಿಯಲ್ಲಿ ಹಸಿದು ಸಾಯುವ ಕೂಸುಗಳ ಚಿತ್ರವನ್ನು ಮರೆಯಿಸುವ ವ್ಯಾಖ್ಯಾನವು ಕಾವ್ಯಕ್ಕೆ ಅಪಚಾರವೆಸಗುತ್ತದೆ. ಶೋಕವನ್ನು ಕುಗ್ಗಿಸದೆಯೇ ದಯೆಯನ್ನು ನಂಬಿದುದು ಈ ಕವಿಯ ಹಿರಿಮೆ. ಶೋಕದ ರಸಕ್ಕೆ ಕರುಣವೆಂದೂ ದಯೆಗೆ ಕರುಣೆಯೆಂದೂ ಹೇಳುವ ಕನ್ನಡಿಗರಿಗೆ ಈ ಮರ್ಮವು ದುರ್ಗ್ರಾಹ್ಯವಾಗಲಾರದು.