ಬನಿಯನ್ನನ ಯಾತ್ರಿಕನೂ ಅವನ ಸ್ಥೈರ್ಯವೂ

ಕಷ್ಟಕಾಲದಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸುವ ಶ್ರದ್ಧೆಯನ್ನೇ ವಸ್ತುವಾಗಿ ಉಳ್ಳ ಆಂಗ್ಲ ಗ್ರಂಥಗಳಲ್ಲಿ ಜಾನ್ ಬನಿಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಮುಖ್ಯವಾದುದು. ಇದರ ಮೊದಲನೆಯ ಭಾಗವು 1678ರಲ್ಲಿಯೂ ಎರಡನೆಯದು 1684ರಲ್ಲಿಯೂ ಹೊರಬಂದವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಬಾಸೆಲ್ ಮಿಷನ್ನಿನವರು ಇದನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದುದನ್ನು, ನಮ್ಮ ಗದ್ಯದ ಚರಿತ್ರೆಯನ್ನು ಓದಿದ ಉಪಾಧ್ಯಾಯ ಮಿತ್ರರು ಬಲ್ಲರು. ಆದರೆ ಹೆಸರನ್ನು ಬಲ್ಲವರೆಲ್ಲರೂ ಗ್ರಂಥವನ್ನು ಓದಿರುವರೆಂದು ತೋರುವುದಿಲ್ಲ. ಓದಿದವರಲ್ಲಿಯೂ ಕೆಲವರು ಇದನ್ನು ಮಕ್ಕಳ ಕಥೆಯೆಂದೂ, ಮತ್ತೆ ಕೆಲವರು ಕಥೆಯ ವೇಷ ತೊಟ್ಟ ಮತಬೋಧೆಯೆಂದೂ ಬದಿಗಿರಿಸುತ್ತಾರೆ. ಈ ಎರಡು ಅಭಿಪ್ರಾಯಗಳೂ ನನಗೆ ಸಮ್ಮತವಲ್ಲ.

ಬನಿಯನ್ನನು 1628ರಲ್ಲಿ ಬೆಡ್‌ಫರ್ಡಿನ ಹತ್ತಿರದ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದವನು. ತೂತುಬಿದ್ದ ಪಾತ್ರೆಗಳನ್ನು ಬೆಸೆದು ಕೊಡುವುದು ತಂದೆಯ ಕಸುಬು. ಮಗನಿಗೂ ಅದೇ ಬಂದಿತು. ರಾಜನ ಧರ್ಮಪೀಠದ ಅಪ್ಪಣೆಯಿಲ್ಲದೆ ಉಪದೇಶ ಮಾಡಿದನೆಂಬ ಕಾರಣಕ್ಕೆ 1660ರಲ್ಲಿ ಸೆರೆಯಾಗಿ, 1672ರವರೆಗೆ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದನು. ಇನ್ನು ಮುಂದೆ ಉಪದೇಶಿಸುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಕೊಡಲಿಲ್ಲ. ಬೂಟಿನ ದಾರಗಳ ತುದಿಗೆ ತಗಡು ಕಟ್ಟಿ ಮಾರಿಸಿ, ಬಂದ ಕಾಸಿನಿಂದ ಸಂಸಾರವನ್ನು ಸಾಕಿದನು. ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಸೆರೆಮನೆಯಲ್ಲಿಯೇ ಆರಂಭವಾಯಿತೆಂಬುದು ಬಹುಮಂದಿ ವಿದ್ವಾಂಸರ ಮತ.

ಇಂಥವನ ಲೇಖನಿಯಿಂದ ಎಂದೂ ಅಳುಕದ ವೀರನೊಬ್ಬನು ಮೂಡಿಬರುವನೆಂದು ನಾವು ನಿರೀಕ್ಷಿಸುವುದು ಸಹಜ. ನಮಗೆ ರಾಘವಾಂಕನ ಹರಿಶ್ಚಂದ್ರನ ಅಭ್ಯಾಸವಿದೆ. ರಾಜ್ಯ ಹೋಯಿತು, ಹೆಂಡತಿ ಮಕ್ಕಳನ್ನು ಮಾರಿದ್ದಾಯಿತು, ಸುಡುಗಾಡು ಕಾಯ್ದದ್ದಾಯಿತು. ಸತ್ಯದಿಂದ ಮಾತ್ರ ಅವನು ಕದಲಲಿಲ್ಲ. ಓದುಗನು ಕಣ್ಣೀರಿಟ್ಟು ಕೈಮುಗಿಯುತ್ತಾನೆ. ಆದರೆ ದೂರದಲ್ಲಿಯೇ ನಿಂತು ಕೈಮುಗಿಯುತ್ತಾನೆ. ಬನಿಯನ್ನನ ನಾಯಕನಾದ ಕ್ರಿಶ್ಚಿಯನ್ ಈ ಜಾತಿಯವನೇ ಅಲ್ಲ. ಹೆಜ್ಜೆಹೆಜ್ಜೆಗೆ ಎಡವುತ್ತಾನೆ. ಬೆಟ್ಟದ ನಡುವಣ ತಂಗುಮಂಟಪದಲ್ಲಿ ನಿದ್ದೆ ಹೋಗಿ, ದಾರಿಗೆ ಆಧಾರವಾಗಿದ್ದ ಸುರುಳಿಯನ್ನೇ ಕಳೆದುಕೊಂಡು, ಅಳುತ್ತ ಹಿಂದಿರುಗಿ ಹುಡುಕುತ್ತಾನೆ. ಸುಲಭವಾದ ಅಡ್ಡದಾರಿ ಕಂಡರೆ ಅದನ್ನು ಹಿಡಿಯುತ್ತಾನೆ. ಸಾಮಾನ್ಯನಾದ ಓದುಗನು ಇವನ ಪಕ್ಕದಲ್ಲಿ ನಡೆಯಬಲ್ಲನು.

ಕಥೆಯ ಮೊದಲಲ್ಲೇ ಬರುವ ಎದೆಗುಂದಿಕೆಯ ಕೆಸರುಹೊಂಡವನ್ನು ನೋಡಿರಿ. (ಹೆಸರುಗಳನ್ನು ಅರ್ಥಾನುಸಾರವಾಗಿ ನಾನೇ ಕನ್ನಡಿಸಿದ್ದೇನೆ.) ಕ್ರಿಶ್ಚಿಯನ್ನನೂ ಅವನ ನೆರೆಯವನೂ ಒಂದೇ ಹೊಂಡದಲ್ಲಿ ಬೀಳುತ್ತಾರೆ, ಇಬ್ಬರೂ ಒದ್ದಾಡುತ್ತಾರೆ. ನೆರೆಯವನು ತನ್ನ ಮನೆಯ ಕಡೆಯ ದಡಕ್ಕೆ ಹತ್ತಿ ಊರಿಗೆ ಹೊರಟುಹೋಗುತ್ತಾನೆ. ಕ್ರಿಶ್ಚಿಯನ್ ಆಚೆಯ ದಡದತ್ತ ತೆವಳುತ್ತಾನೆ. ಆದರೆ ಬೆನ್ನಿನ ಹೊರೆಯ ದೆಸೆಯಿಂದ ತಾನಾಗಿ ಮೇಲಕ್ಕೆ ಬರಲಾರದೆ, ‘ಸಹಾಯ’ನೆಂಬವನು ಕೈ ನೀಡಿ ಎಳೆಯಬೇಕಾಗುತ್ತದೆ. ಶಕ್ತಿಯಲ್ಲಿ ನೆರೆಯವನೇ ಮೇಲು, ಏಕೆಂದರೆ ಅವನು ತಾನಾಗಿಯೇ ಹತ್ತಿಕೊಂಡನು! ಇಬ್ಬರಿಗೂ ಇರುವ ಭೇದವೆಲ್ಲ ಯಾವ ದಡ ಎಂಬುದರಲ್ಲಿದೆ.

ಗ್ರಂಥದ ಹೃದಯವೆಂದು ನಾನು ಎಣಿಸುವುದು ಸಂದೇಹದ ಕೋಟೆಯ ಪ್ರಸಂಗವನ್ನು. ಅಡ್ಡದಾರಿ ಹಿಡಿದ ಕ್ರಿಶ್ಚಿಯನ್ನನನ್ನೂ ಅವನ ಜೊತೆಗಾರ ಆಶಾವಂತನನ್ನೂ ನಿರಾಶೆಯೆಂಬ ರಾಕ್ಷಸನು ಹಿಡಿದು ಕತ್ತಲೆಯ ನೆಲಮಾಳಿಗೆಗೆ ತಳ್ಳುತ್ತಾನೆ. ಬುಧವಾರ ಬೆಳಗಿನಿಂದ ಶನಿವಾರ ರಾತ್ರಿಯವರೆಗೆ ಅನ್ನವಿಲ್ಲ, ನೀರಿಲ್ಲ, ಬೆಳಕಿಲ್ಲ. ದೊಣ್ಣೆಯ ಏಟು ಬೇರೆ. ಕಡೆಗೆ ರಾಕ್ಷಸನು ಕತ್ತಿಯಿಂದಲೋ ಹಗ್ಗದಿಂದಲೋ ವಿಷದಿಂದಲೋ ನೀವೇ ಸಾಯಿರೆಂದು ಬುದ್ಧಿ ಹೇಳುತ್ತಾನೆ. ಕ್ರಿಶ್ಚಿಯನ್ ಅದಕ್ಕೂ ಒಲಿಯುತ್ತಾನೆ, ತಡೆಯುವವನು ಆಶಾವಂತ. ಶನಿವಾರ ನಡುರಾತ್ರಿಯಲ್ಲಿ ಇಬ್ಬರೂ ಪ್ರಾರ್ಥನೆಗೆ ತೊಡಗುತ್ತಾರೆ. ಬೆಳಗಾಗುವ ಮುಂಚೆ ಕ್ರಿಶ್ಚಿಯನ್ನನಿಗೆ ತಟ್ಟನೆ ನೆನಪಾಗುತ್ತದೆ: ‘ವಾಗ್ದಾನ’ವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯಲ್ಲಿಯೇ ಇತ್ತು!

ಇದು ತೀರ ಅನುಕೂಲಸಿಂಧುವಾದ ಕಲ್ಪನೆಯೆಂದು ಆಕ್ಷೇಪಿಸಬಹುದು. ಮೇಲುನೋಟಕ್ಕೆ ಹೌದು. ಆದರೆ ದುಃಖದ ಸ್ವಭಾವವನ್ನು ಬಲ್ಲವರಿಗೆ ಇದು ಕೃತಕವಾಗಿ ಕಾಣದು. ನಿರಾಶೆಯು ಮನುಷ್ಯನ ಬಳಿ ಇರುವುದನ್ನು ಕಸಿದುಕೊಳ್ಳುವುದಿಲ್ಲ, ಮರೆಸುತ್ತದೆ. ರಾಕ್ಷಸನು ಅವರ ಜೇಬನ್ನು ಶೋಧಿಸಲೇ ಇಲ್ಲವೆಂಬುದನ್ನು ಗಮನಿಸಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ನೆಲಮಾಳಿಗೆಯ ಬಾಗಿಲೂ ಅಂಗಳದ ಬಾಗಿಲೂ ಸಲೀಸಾಗಿ ತೆರೆಯುತ್ತವೆ. ಹೊರಗಿನ ಕಬ್ಬಿಣದ ಬಾಗಿಲಿನ ಬೀಗವು ಮಾತ್ರ ಬಹಳ ಬಿಗಿಯಾಗಿ ತಿರುಗುತ್ತದೆ. ಶುಷ್ಕವಾದ ಮತಬೋಧೆಯಾಗಿದ್ದರೆ ಮೂರು ಬಾಗಿಲುಗಳೂ ಹೂವಿನಂತೆ ತೆರೆದುಕೊಳ್ಳುತ್ತಿದ್ದವು. ಹನ್ನೆರಡು ವರ್ಷ ಬೀಗದ ಸದ್ದು ಕೇಳಿದವನಿಗೆ ಹಾಗೆ ಬರೆಯಲು ಕೈ ಬರಲಿಲ್ಲ.

ಇನ್ನು ಗ್ರಂಥದ ಅತ್ಯಂತ ಕಠಿನವಾದ ವಿಷಯಕ್ಕೆ ಬರೋಣ. ಊರು ಬಿಟ್ಟು ಓಡುವ ಕ್ರಿಶ್ಚಿಯನ್ನನನ್ನು ಹೆಂಡತಿ ಮಕ್ಕಳು ಕೂಗಿ ಕರೆಯುತ್ತಾರೆ. ಅವನು ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಗೃಹಸ್ಥನಾದವನು ಈ ಪುಟವನ್ನು ನೆಮ್ಮದಿಯಿಂದ ಓದಲಾರನು. ಇದು ಬರಿಯ ರೂಪಕವೆಂದು ನಾವು ತಪ್ಪಿಸಿಕೊಳ್ಳುವಂತೆಯೂ ಇಲ್ಲ, ಏಕೆಂದರೆ ಬನಿಯನ್ನನ ಬಾಳಿನಲ್ಲಿ ಇದು ನಡೆದ ಸಂಗತಿ. ಅವನು ಸೆರೆಯಾದಾಗ ಮೊದಲ ಹೆಂಡತಿಯ ನಾಲ್ವರು ಮಕ್ಕಳಿದ್ದರು. ಅವರಲ್ಲಿ ಒಬ್ಬ ಹುಡುಗಿ ಕುರುಡಿ. ಎರಡನೆಯ ಹೆಂಡತಿ ಎಲಿಜಬೆತ್ ಆಗ ಗರ್ಭಿಣಿ. ಸುದ್ದಿಯ ಆಘಾತದಿಂದ ಆಕೆ ಮಗುವನ್ನು ಕಳೆದುಕೊಂಡಳು. 1661ರಲ್ಲಿ ಆಕೆ ನ್ಯಾಯಾಧೀಶರ ಮುಂದೆ ನಿಂತು ಗಂಡನ ಪರವಾಗಿ ವಾದಿಸಿದಳು. ಅವನು ಉಪದೇಶವನ್ನು ಬಿಡುವನೇ ಎಂದು ಕೇಳಿದ್ದಕ್ಕೆ, ಮಾತನಾಡುವ ಶಕ್ತಿ ಇರುವವರೆಗೆ ಬಿಡಲಾರನೆಂದೇ ಉತ್ತರಿಸಿದಳು. 1666ರ ತನ್ನ ಆತ್ಮಕಥೆಯಲ್ಲಿ ಬನಿಯನ್ನನು ಆ ಅಗಲಿಕೆಯ ಸಂಕಟವನ್ನು, ವಿಶೇಷವಾಗಿ ಕುರುಡು ಮಗಳ ಚಿಂತೆಯನ್ನು, ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮೊದಲನೆಯ ಭಾಗದ ಕಥೆಯಲ್ಲಿ ಆ ಸಂಕಟಕ್ಕೆ ತಕ್ಕಷ್ಟು ಸ್ಥಳವಿಲ್ಲ. ಇದು ಗ್ರಂಥದ ನ್ಯೂನತೆಯೆಂದೇ ನನ್ನ ಅಭಿಪ್ರಾಯ.

ಆದ್ದರಿಂದಲೇ, ವಿಮರ್ಶಕರು ಸಾಮಾನ್ಯವಾಗಿ ಸಪ್ಪೆಯೆಂದು ಕಡೆಗಣಿಸುವ ಎರಡನೆಯ ಭಾಗದಲ್ಲಿ ನನಗೆ ಹೆಚ್ಚು ಆದರ. ಅಲ್ಲಿ ಬಿಟ್ಟುಹೋದ ಹೆಂಡತಿಯೂ ಮಕ್ಕಳೂ ಹೊರಡುತ್ತಾರೆ. ಕತ್ತಿ ಹಿಡಿದ ‘ಧೀರಹೃದಯ’ನು ದಾರಿ ತೋರುತ್ತಾನೆ. ಊರುಗೋಲಿನ ಕುಂಟನೂ ಮಂದಬುದ್ಧಿಯವನೂ ಎದೆಗುಂದಿದವನೂ ಅವನ ಮಗಳೂ ಒಬ್ಬೊಬ್ಬರಾಗಿ ಜೊತೆಗೂಡುತ್ತಾರೆ. ಅವರಿಗಾಗಿ ಉಳಿದವರು ನಡಿಗೆಯನ್ನು ನಿಧಾನ ಮಾಡಿಕೊಳ್ಳುತ್ತಾರೆ. ಒಬ್ಬೊಂಟಿಯ ಸ್ಥೈರ್ಯವು ಇಲ್ಲಿ ಗುಂಪಿನ ಸ್ಥೈರ್ಯವಾಗುತ್ತದೆ.

ಇವರೆಲ್ಲರಿಗಿಂತ ನನಗೆ ಪ್ರಿಯನಾದವನು, ಹಿಂದೆಂದೋ ಆ ದಾರಿಯಲ್ಲಿ ಹೋದ ಅಂಜುಬುರುಕನು. ಅವನ ಕಥೆಯನ್ನು ಧೀರಹೃದಯನು ಹೇಳುತ್ತಾನೆ. ಆ ಬಡಪಾಯಿ ಕೆಸರುಹೊಂಡದ ದಡದಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಗೋಳಾಡುತ್ತ ಬಿದ್ದಿದ್ದನು. ದಾಟಲೂ ಒಲ್ಲ, ಹಿಂದಿರುಗಲೂ ಒಲ್ಲ. ಬಾಗಿಲಿನ ಮುಂದೆ ನಡುಗುತ್ತ ನಿಂತು, ಹಿಂದೆ ಬಂದವರನ್ನೆಲ್ಲ ಮುಂದಕ್ಕೆ ಬಿಟ್ಟನು. ಸಿಂಹಗಳಿಗೆ ಅವನು ಹೆದರಲಿಲ್ಲ; ಅವನ ಭಯವೆಲ್ಲ ತನ್ನನ್ನು ಅಲ್ಲಿ ಸೇರಿಸಿಕೊಳ್ಳುವರೋ ಇಲ್ಲವೋ ಎಂಬುದೊಂದೇ. ಕೊನೆಯ ನದಿಯ ಬಳಿಗೆ ಬಂದಾಗ ತಾನು ಮುಳುಗಿಯೇ ಹೋಗುವೆನೆಂದು ಹಲುಬಿದನು. ಅದೇ ನದಿಯಲ್ಲಿ ಕ್ರಿಶ್ಚಿಯನ್ನನೇ ಮುಳುಗತೊಡಗಿ, ಆಶಾವಂತನು ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯಬೇಕಾಗಿತ್ತು. ಅಂಜುಬುರುಕನು ಇಳಿದ ದಿನ ಧೀರಹೃದಯನು ತನ್ನ ಕಾಲದಲ್ಲಿ ಕಂಡಿರದಷ್ಟು ನೀರು ತಗ್ಗಿತ್ತು. ಅವನ ಪಾದಗಳು ಮಾತ್ರ ನೆನೆದವು.