ಸಹಿಯೋ, ಚಿತ್ರವೋ?

ಕಳೆದ ಯುಗಾದಿಗೆ ಮನೆಗೆ ಬಂದಿದ್ದ ನಮ್ಮ ಸಂಘದ ಗೆಳೆಯರೊಬ್ಬರು ಗೋಡೆಯ ಮೇಲಿದ್ದ ಹೆಂಗಸಿನ ಚಿತ್ರ ನೋಡಿ, ಬೆಲೆ ಕೇಳಿ, "ಅಚ್ಚು ಹಾಕಿದ ಚಿತ್ರಕ್ಕೆ ಇಷ್ಟು ದುಡ್ಡು ಕೊಡ್ತಾರೇನ್ರೀ ಡಾಕ್ಟ್ರೇ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಊರಿನ ನಮ್ಮ ಮನೆಯ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯೂ ಅಚ್ಚಿನವಳೇ. ಅವಳ ಪ್ರತಿಗಳನ್ನು ಎಣಿಸಿದವರಾರು?

ಗೆಳೆಯರು ನೋಡಿದ್ದು ಅಲೆಕ್ಸ್ ಕಾಟ್ಜ್ ಅವರ ಚಿತ್ರ. 1927ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈ ಕಲಾವಿದರು, ಅಮೂರ್ತ ಕಲೆಯೇ ಮೆರೆಯುತ್ತಿದ್ದ 1950ರ ದಶಕದಲ್ಲಿ ಹಟ ಹಿಡಿದು ಮನುಷ್ಯರ ಮುಖ ಬರೆದವರು. ಪತ್ನಿ ಆಡಾ ಒಬ್ಬರನ್ನೇ ಇನ್ನೂರಕ್ಕೂ ಹೆಚ್ಚು ಸಲ ಬರೆದಿದ್ದಾರೆ.

ಮೊದಲ ನೋಟಕ್ಕೆ ಈ ಮುಖಗಳು ಸಪ್ಪೆ. ನೋವಿನ ಗೆರೆಯಿಲ್ಲ, ನೆರಳೂ ಕಡಿಮೆ. ಮುಖ ನೋಡಿಯೇ ಅರ್ಧ ರೋಗ ಹಿಡಿಯಲು ಕಲಿತ ನನಗೂ ಆಡಾ ಏನನ್ನೂ ಬಿಟ್ಟುಕೊಡಲಿಲ್ಲ. ಎಷ್ಟು ನೋಡಿದರೂ ತನ್ನ ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುವ ಆ ಘನತೆಯೇ ಚಿತ್ರದ ಜೀವ ಎಂದು ಹೊಳೆದದ್ದು ಆಮೇಲೆ.

ಇಂಥ ಮುಖಕ್ಕೆ ಸ್ಕ್ರೀನ್‌ಪ್ರಿಂಟ್ ಹೇಳಿ ಮಾಡಿಸಿದಂತಿದೆ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ. ಶಾಯಿ ಸಪಾಟಾಗಿ ಕೂರುತ್ತದೆ. 1982ರ 'ರೆಡ್ ಕೋಟ್' ತೈಲಚಿತ್ರ ಮರುವರ್ಷ ಸ್ಕ್ರೀನ್‌ಪ್ರಿಂಟ್ ಆದಾಗ ನಕಲಾಗಲಿಲ್ಲ. ಕುಂಚದ ಗುರುತು ಹೋಗಿ ಕೆಂಪು ಕೋಟು, ಕೆಂಪು ತುಟಿ ಇನ್ನಷ್ಟು ಗಟ್ಟಿಯಾದವು. ಅವರ ಹೂವಿನ ಪ್ರಿಂಟ್‌ಗಳ ಬಗ್ಗೆ ಈ ಮಾತು ಹೇಳಲಾರೆ, ಚೆಂದವಾಗಿವೆ, ಅಷ್ಟೇ.

ನನಗೆ ಈ ಬುದ್ಧಿ ಬಂದದ್ದು ತಡವಾಗಿ. 2003ರಲ್ಲಿ ಒಂದು ಅಂಗಡಿಯವನು "ಸಹಿ ಇದೆ" ಎಂದದ್ದೇ ತಡ, ಮೂಲ ಪ್ರಿಂಟಿನ ಬೆಲೆ ತೆತ್ತು ಆಡಾಳ ಚಿತ್ರವೊಂದನ್ನು ತಂದೆ. ಮನೆಯಲ್ಲಿ ಚರ್ಮ ಪರೀಕ್ಷಿಸುವ ಮಸೂರ ಹಿಡಿದರೆ ಬಣ್ಣವೆಲ್ಲ ಚುಕ್ಕಿ ಚುಕ್ಕಿ! ಅದು ಆಫ್‌ಸೆಟ್ ಪೋಸ್ಟರ್. ಪೋಸ್ಟರಿಗೂ ಕಲಾವಿದರು ಸಹಿ ಹಾಕುವುದುಂಟು. ಸಹಿ ನಿಜವೇ ಇದ್ದೀತು. ನಾನು ಕೊಂಡದ್ದು ಮಾತ್ರ ಪೆನ್ಸಿಲ್ ಗೀಟನ್ನು.

ಈಗ ನನ್ನ ಕ್ರಮ ಇಷ್ಟು: ಮೊದಲು ಚಿತ್ರ, ಆಮೇಲೆ ಮಸೂರ, ಕೊನೆಗೆ ಸಂಖ್ಯೆ. 12/75 ಎಂದರೆ 75 ಪ್ರತಿಗಳಲ್ಲಿ 12ನೆಯದು. 60ನೆಯದಕ್ಕಿಂತ ಅದು ಮೇಲೆಂದೇನೂ ಅಲ್ಲ. ತಂದ ಮೇಲೆ ಬಿಸಿಲು ಬೀಳದ ಗೋಡೆಗೆ ತೂಗುಹಾಕಬೇಕು.

ಗೆಳೆಯರು ಅಂದು ನೋಡಿದ್ದು ಆ ಪೋಸ್ಟರನ್ನೇ. ಎಸೆಯಲು ಹೊರಟಿದ್ದ ನನ್ನನ್ನು ತಡೆದವಳು ನನ್ನ ಹೆಂಡತಿ. "ಮುಖ ಚೆನ್ನಾಗಿದೆಯಲ್ಲ, ಇರಲಿ ಬಿಡಿ" ಎಂದಳು. ನಮ್ಮಿಬ್ಬರಲ್ಲಿ ಮೊದಲು ಚಿತ್ರ ನೋಡಿದವಳು ಅವಳೇ.