ಮಂದಣ್ಣನ ಬೆರಗು

ಸಾಹಸಕಥೆಯೆಂದರೆ ನಮ್ಮ ವಿಮರ್ಶಕರಿಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರ. ಕಾಡು, ಬೆಟ್ಟ, ಹುಡುಕಾಟ, ಇವೆಲ್ಲ ಹುಡುಗರ ಓದಿಗೆ ಸರಿ, ಗಂಭೀರ ಸಾಹಿತ್ಯಕ್ಕೆ ಸಲ್ಲವು ಎಂಬ ಭಾವನೆ. ಆದರೆ ವೀರದಿಂದಲೇ ಅದ್ಭುತ ಹುಟ್ಟುತ್ತದೆಂದು ಭರತಮುನಿ ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಆ ಅದ್ಭುತ ಯಾರ ಪಾಲಿಗೆ ಬರುತ್ತದೆಂದು ಮಾತ್ರ ನಾವು ಕೇಳಿದ್ದು ಕಡಮೆ. ನಾಯಕನಿಗೆ ಬೆರಗುಪಡಲು ಪುರಸತ್ತೆಲ್ಲಿ? ಅವನು ಗೆಲ್ಲಬೇಕು, ಮುಂದಕ್ಕೆ ಹೋಗಬೇಕು. ನಿಂತು ನೋಡುವ ಬಿಡುವು ಇರುವುದು ಅವನ ಪಕ್ಕದವನಿಗೆ.

ಈಗಿನ ಕಾಲೇಜು ಹುಡುಗರು ಮೆಚ್ಚಿ ಓದುವ ಜಪಾನಿನ ಚಿತ್ರಕಥೆಗಳಲ್ಲಿ, ಅಂದರೆ ಮಾಂಗಾಗಳಲ್ಲಿ, ಇದು ಕಣ್ಣಿಗೇ ಕಾಣುತ್ತದೆ. ಹೊಡೆದಾಟದ ಹತ್ತಾರು ಪುಟಗಳ ನಡುವೆ ಮಾತಿಲ್ಲದ ಒಂದು ಚೌಕ. ಅದರಲ್ಲಿ ಸಂಗಡಿಗನೊಬ್ಬ ತಲೆಯೆತ್ತಿ ಸುಮ್ಮನೆ ನೋಡುತ್ತಿರುತ್ತಾನೆ. ಓದುಗನ ಕಣ್ಣೂ ಅಲ್ಲಿ ತಂಗುತ್ತದೆ. ಕನ್ನಡದಲ್ಲಿ ಇದಕ್ಕೆ ಸಮನಾದುದನ್ನು ಹುಡುಕಹೊರಟರೆ ನನಗೆ ಮೊದಲು ಹೊಳೆಯುವ ಹೆಸರು ಮಂದಣ್ಣ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ದನಕಾಯುವ ಮಂದಣ್ಣ.

ಈ ಕಾದಂಬರಿಯನ್ನು ಗುರುಶಿಷ್ಯರ ಕಥೆಯಾಗಿ ಓದುವುದು ರೂಢಿ. ಕರ್ವಾಲೊ ಜ್ಞಾನಿ, ಮಂದಣ್ಣ ಆತನ ಶೋಧ. ಈ ಓದು ನನಗೆ ಒಪ್ಪಿಗೆಯಿಲ್ಲ. ಹಾರುವ ಓತಿಯ ಜಾಡು ವಿಜ್ಞಾನಿಗೆ ದೊರೆಯುವುದೇ ಮಂದಣ್ಣನ ಕಣ್ಣಿನ ಮೂಲಕ. ಕರ್ವಾಲೊಗೆ ಆ ಪ್ರಾಣಿಯಲ್ಲಿ ಕೋಟ್ಯಂತರ ವರ್ಷಗಳ ಜೀವವಿಕಾಸ ಕಾಣುತ್ತದೆ. ನಿರೂಪಕನಿಗೆ ತನ್ನ ಜಮೀನಿನ ತಾಪತ್ರಯದಿಂದ ಬಿಡುಗಡೆ ಕಾಣುತ್ತದೆ. ಮಂದಣ್ಣನಿಗೆ ಕಾಣುವುದು ಓತಿ, ಅಷ್ಟೆ! ಇದನ್ನು ಅವನ ಕೊರತೆಯೆಂದು ತಿಳಿದವರುಂಟು. ನನಗೆ ಅದೇ ಅಚ್ಚ ವಿಸ್ಮಯವೆಂದು ತೋರುತ್ತದೆ. ಕಂಡದ್ದನ್ನು ಬೇರೊಂದಕ್ಕೆ ಸಾಕ್ಷಿಯಾಗಿ ಮಾಡಿಕೊಳ್ಳದೆ, ಕಂಡಷ್ಟನ್ನೂ ಕಾಣುವುದು. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಮದುವೆಯ ಹಂಬಲ, ನೌಕರಿಯ ಆಸೆ, ಕಳ್ಳಭಟ್ಟಿಯ ಮೊಕದ್ದಮೆ, ಇವುಗಳಲ್ಲೇ ಮುಳುಗಿದವನು. ಇಂಥವನನ್ನು ಕರ್ವಾಲೊ ಹುಟ್ಟು ನಿಸರ್ಗವಿಜ್ಞಾನಿಯೆಂದು ಕೊಂಡಾಡಿದಾಗ ನಿರೂಪಕನಿಗೇ ನಂಬಿಕೆ ಬರುವುದಿಲ್ಲ. ಆ ಅಪನಂಬಿಕೆ ವಿದ್ಯಾವಂತರಾದ ನಮ್ಮೆಲ್ಲರದು.

ನನ್ನ ಊರು ಹುಲಿಹೈದರ. ಕೊಪ್ಪಳ ಸೀಮೆಯ ಬಯಲು. ಮಲೆನಾಡಿನ ಮಳೆಕಾಡು ನಮಗೆ ಪುಸ್ತಕದಲ್ಲಿ ಕಂಡದ್ದು. ಆದರೆ ಓತಿಕ್ಯಾತ ನಮಗೆ ಹೊಸದಲ್ಲ. ಬಿಸಿಲಿಗೆ ಕಾದ ಬಂಡೆಯ ಮೇಲೆ ತಲೆಯಾಡಿಸುತ್ತ ಕೂತಿರುತ್ತದೆ, ಹುಡುಗರು ಕಲ್ಲು ಬೀರುತ್ತಾರೆ. ಕಲ್ಲು ಬೀರದೆ ನೋಡುತ್ತ ಕುಳಿತ ಹುಡುಗನಿಗೆ ‘ದಡ್ಡ’ ಎಂಬ ಬಿರುದು. ನನ್ನ ತರಗತಿಗೆ ಬರುವವರಲ್ಲಿ ಅಂಥ ಹುಡುಗರು ಇದ್ದೇ ಇರುತ್ತಾರೆ. ‘ಕರ್ವಾಲೊ’ ಪಾಠ ಮಾಡಿದಾಗ ಅವರು ಕೇಳುವುದು ‘ಇದರ ಸಂದೇಶವೇನು, ಸರ್?’ ಎಂದು. ಕೇಳುವಂತೆ ಕಲಿಸಿದವರು ನಾವೇ. ದನದ ಹಿಂದೆ ತಿರುಗಿ ತಾವು ಕಂಡ ಹುಳುಹುಪ್ಪಟೆಗಳೂ ವಿದ್ಯೆಯ ಒಂದು ಭಾಗವೆಂದು ಅವರಿಗೆ ಯಾರೂ ಹೇಳಿಲ್ಲ. ಮಂದಣ್ಣನನ್ನು ಕರ್ವಾಲೊನ ಬಾಲವಾಗಿ ಓದಿಸಿದರೆ ಆ ಹುಡುಗರಿಗೆ ಅನ್ಯಾಯ ಮಾಡಿದಂತೆ.

ಕಾದಂಬರಿಯ ಓರೆಕೋರೆಗಳನ್ನೂ ಹೇಳಬೇಕು. ಮಂದಣ್ಣನ ಮದುವೆಯ ಭಾಗದಲ್ಲಿ ನಗೆ ಕೆಲವೆಡೆ ಅಳತೆ ಮೀರುತ್ತದೆ. ನಗಿಸುವ ಭರದಲ್ಲಿ ಲೇಖಕರೇ ಅವನ ಕಣ್ಣನ್ನು ಮರೆಯುತ್ತಾರೆ. ರಾಮಿಯಂತೂ ಬರಿಯ ಗೆರೆಚಿತ್ರ. ಬೆರಗುಪಡುವ ಹಕ್ಕು ಈ ಕಥೆಯಲ್ಲಿ ಹೆಂಗಸರಿಗೆ ಸಿಕ್ಕಿಲ್ಲ.

ಹಾರುವ ಓತಿ ಕಟ್ಟುಕಥೆಯ ಪ್ರಾಣಿಯಲ್ಲ. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಇಂದಿಗೂ ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ರೆಕ್ಕೆ ಬಡಿಯದೆ ಮರದಿಂದ ಮರಕ್ಕೆ ತೇಲುತ್ತದೆ. ತೋಟದಾಳು ಕಾಣಬಲ್ಲ ಪ್ರಾಣಿಯನ್ನು ತೇಜಸ್ವಿ ಅಪೂರ್ವ ಜೀವಿಯಾಗಿ ಮಾಡಿದರಲ್ಲ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರವಿಷ್ಟೆ: ಎಷ್ಟು ಜನ ಅದನ್ನು ನೋಡಿದ್ದಾರೆ?

ಕೊನೆಯ ಭಾಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ವಿಜ್ಞಾನಿ, ಕೃಷಿಕ, ಫೋಟೋ ತೆಗೆಯುವ ಪ್ರಭಾಕರ, ಹಾವಿನ ಯೆಂಗ್ಟ, ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ ಎಂಬ ನಾಯಿ, ಇಷ್ಟು ದೊಡ್ಡ ದಂಡು ಕಟ್ಟಿಕೊಂಡು ಹೋದರೂ ಓತಿ ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಸಾಹಸಕಥೆಯ ಲೆಕ್ಕದಲ್ಲಿ ಇದು ಸೋಲು. ಕಾಲ, ಅನಂತತೆ ಮೊದಲಾದ ದೊಡ್ಡ ಚಿಂತನೆಗಳೆಲ್ಲ ಕರ್ವಾಲೊ ಮತ್ತು ನಿರೂಪಕರ ಪಾಲಿನವು. ಮಂದಣ್ಣನ ಬಾಯಲ್ಲಿ ತೇಜಸ್ವಿ ತತ್ತ್ವವನ್ನು ತುರುಕುವುದಿಲ್ಲ. ಈ ಸಂಯಮ ಹಿರಿಯ ಲೇಖಕರಿಗೂ ಸುಲಭವಲ್ಲ. ಓತಿಯನ್ನು ಹಿಡಿಯಲು ಬಂದವರಿಗೆ ಅದು ತಪ್ಪಿಹೋಯಿತು. ಮಂದಣ್ಣನಾದರೋ ಅದನ್ನು ಮೊದಲೇ ನೋಡಿ ಆಗಿತ್ತು.